ಯಾಣದ ಶ್ರೀ ಭೈರವೇಶ್ವರನ ಶಿಲೆ, ನೀರು ಮತ್ತು ನಮ್ಮ ಧರ್ಮ



ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಯಾಣವು ಸಹ್ಯಾದ್ರಿಯ ದಟ್ಟ ಕಾಡಿನ ಮಧ್ಯೆ ಇರುವ ಪುಣ್ಯಕ್ಷೇತ್ರ. ಇಲ್ಲಿ ಕಪ್ಪು ಸುಣ್ಣಕಲ್ಲಿನ ಎರಡು ಮಹಾ ಶಿಖರಗಳು ಮರಗಳ ತಲೆ ಮೀರಿ ನಿಂತಿವೆ. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್ ಎತ್ತರ. ದೊಡ್ಡ ಶಿಖರದ ಗುಹೆಯಲ್ಲಿ ಸ್ವಯಂಭೂ ಲಿಂಗವಿದ್ದು, ಮೇಲಿನ ಬಂಡೆಯಿಂದ ತೊಟ್ಟಿಕ್ಕುವ ನೀರೇ ಸ್ವಾಮಿಗೆ ಅಭಿಷೇಕ.

ಯಾರ ತಲೆ ಮೇಲೆ ಕೈ ಇಟ್ಟರೂ ಭಸ್ಮವಾಗಲಿ ಎಂದು ವರ ಪಡೆದ ಭಸ್ಮಾಸುರ, ವರ ಕೊಟ್ಟ ಶಿವನನ್ನೇ ಅಟ್ಟಿಸಿಕೊಂಡು ಬಂದ. ವಿಷ್ಣು ಮೋಹಿನಿಯಾಗಿ ಕುಣಿದು, ಅಸುರನ ಕೈಯನ್ನು ಅವನ ತಲೆಯ ಮೇಲೆಯೇ ಇಡಿಸಿದ. ಅವನು ಸುಟ್ಟುಹೋದ ಜಾಗ ಇದೇ, ಇಲ್ಲಿನ ಕಪ್ಪು ಮಣ್ಣು ಆ ಬೂದಿಯೇ ಎಂಬುದು ಪ್ರತೀತಿ.

ಬೆಂಗಳೂರಿನ ಬಿನ್ನಿಪೇಟೆ, ವಿಜಯನಗರ ಕಡೆಯಿಂದ ಬರುವ ಭಕ್ತರು ಕೇಳುವುದುಂಟು: “ಸ್ವಾಮಿ, ನಮ್ಮ ಲಾಲ್‌ಬಾಗ್ ಬಂಡೆ ಬೋರಲು ಹಾಕಿದ ಬಾಣಲೆ ಹಂಗೆ ನುಣ್ಣಗಿದೆ. ಇದ್ಯಾಕೆ ಹಿಂಗೆ ಚೂಪುಚೂಪಾಗಿದೆ?” ಒಳ್ಳೆ ಪ್ರಶ್ನೆ. ಲಾಲ್‌ಬಾಗಿನದು ಸುಮಾರು 300 ಕೋಟಿ ವರ್ಷದ ಗಟ್ಟಿ ಶಿಲೆ. ಅದು ನೀರಿಗೆ ಸುಲಭವಾಗಿ ಕರಗುವುದಿಲ್ಲ. ಸುಣ್ಣಕಲ್ಲಿನ ಸ್ವಭಾವ ಬೇರೆ. ಅದಕ್ಕೆ ಹುಳಿ ಆಗದು. ನಿಂಬೆರಸ ಬಿದ್ದರೂ ಸಣ್ಣಗೆ ನೊರೆ ಏಳುತ್ತೆ. ಮಳೆನೀರು ಗಾಳಿಯಿಂದ ಸ್ವಲ್ಪ ಹುಳಿಗುಣ ಪಡೆಯುತ್ತದೆ. ಕಾಡಿನ ಕೊಳೆತ ಎಲೆ, ಮಣ್ಣಿನ ಮೂಲಕ ಇಳಿಯುವಾಗ ಆ ಗುಣ ಇನ್ನೂ ಹೆಚ್ಚುತ್ತದೆ. ಆ ನೀರು ಬಿರುಕಿಗೆ ಇಳಿದು, ಸಾವಿರಾರು ಮಳೆಗಾಲ ಕಲ್ಲನ್ನು ಕರಗಿಸಿ, ಬಿರುಕನ್ನು ಸಂದಿಯನ್ನಾಗಿ, ಸಂದಿಯನ್ನು ಗುಹೆಯನ್ನಾಗಿ ಮಾಡುತ್ತದೆ. ಕರಗದೆ ಉಳಿದದ್ದೇ ಶಿಖರ.

ಇದರಲ್ಲಿ ನಮಗೊಂದು ಪಾಠವಿದೆ. ಉಳಿ ಇಲ್ಲ, ಸುತ್ತಿಗೆ ಇಲ್ಲ. ಮೆತ್ತಗಿನ ನೀರು ಅವಸರಪಡದೆ ದೇವರಿಗೆ ಗುಡಿ ಕಟ್ಟಿತು. ನಮ್ಮ ಜಪ, ನಮ್ಮ ಸೇವೆಯೂ ಹಾಗೇ ಇರಬೇಕು.

ಇನ್ನೊಂದು ಮಾತು ಮುಖ್ಯ. ಮರಳು ಮಣ್ಣು ನೀರನ್ನು ಸೋಸುತ್ತದೆ, ಸುಣ್ಣಕಲ್ಲಿನ ಸಂದಿ ಸೋಸುವುದಿಲ್ಲ. ಮೇಲೆ ಎಸೆದ ಎಂಜಲು, ಸೋಪು, ಹೊಲಸು ನೇರವಾಗಿ ಕೆಳಗಿನ ನೀರಿಗೆ ಇಳಿಯುತ್ತೆ. ಇಲ್ಲಿ ಹರಿಯುವ ಚಂಡಿಕಾ ಹೊಳೆ ಮುಂದೆ ಅಘನಾಶಿನಿಯನ್ನು ಸೇರುತ್ತದೆ. ಅಘ ಎಂದರೆ ಪಾಪ. ಪಾಪ ತೊಳೆಯುವ ನದಿಗೆ ನಾವೇ ಕೊಳೆ ಕಳಿಸಿದರೆ ತೊಳೆಯುವವರು ಯಾರು? ಮಹಾಶಿವರಾತ್ರಿ ಜಾತ್ರೆಗೆ ಬಂದವರು ಇಲ್ಲಿಯ ನೀರನ್ನು ಗೋಕರ್ಣದ ಮಹಾಬಲೇಶ್ವರನ ಅಭಿಷೇಕಕ್ಕೆ ಒಯ್ಯುವ ವಾಡಿಕೆಯೂ ಇದೆ.

ಕಾಡು ಕಡಿದರೆ ಎಲೆ ಇಲ್ಲ, ಮಣ್ಣು ನಿಲ್ಲುವುದಿಲ್ಲ. ಬಿದ್ದ ಮಳೆ ಹಿಡಿದಿಡುವವರಿಲ್ಲದೆ ಹರಿದುಹೋಗುತ್ತದೆ. ಬೇಸಿಗೆಯಲ್ಲಿ ಲಿಂಗದ ಮೇಲೆ ಹನಿ ಎಲ್ಲಿಂದ ಬರಬೇಕು? ಭಸ್ಮಾಸುರನನ್ನು ಬೇರೆ ಯಾರೂ ಕೊಲ್ಲಲಿಲ್ಲ, ಅವನ ಕೈಯೇ ಅವನನ್ನು ಸುಟ್ಟಿತು. ನಮ್ಮ ಕೈ ಎಲ್ಲಿದೆ ಅಂತ ನಾವೂ ಒಮ್ಮೆ ನೋಡಿಕೊಳ್ಳಬೇಕು.

ಆದ್ದರಿಂದ ಭಕ್ತರು ಬಂಡೆಯ ಮೇಲೆ ಹೆಸರು ಕೆತ್ತಬಾರದು, ಕಲ್ಲು ಒಡೆದು ಒಯ್ಯಬಾರದು, ಹೊಳೆಯಲ್ಲಿ ಸೋಪು ಹಚ್ಚಬಾರದು. ತಂದ ಪ್ಲಾಸ್ಟಿಕ್ ಚೀಲವನ್ನು ವಾಪಸ್ ಒಯ್ಯತಕ್ಕದ್ದು. ಇದೂ ಒಂದು ಸೇವೆಯೇ, ಇದಕ್ಕೆ ರಸೀದಿ ಬೇಕಿಲ್ಲ.

ಶ್ರೀ ಭೈರವೇಶ್ವರನು ಎಲ್ಲರಿಗೂ ಸನ್ಮಂಗಳವನ್ನುಂಟುಮಾಡಲಿ.

ಶುಭಮಸ್ತು.