ನೆರೆಯೂ ಮಡಿಯೂ

ಬೆಂಗಳೂರಿನ ಜಯನಗರದ ಮಗ್ಗುಲ ತಿಲಕ್ ನಗರದಲ್ಲಿ ಆಜಾನಿನ ದನಿಯೂ ಘಂಟಾನಾದವೂ ಒಂದೇ ಗಾಳಿಯಲ್ಲಿ ಬೆರೆತು ಸಾಗುವುದನ್ನು ಕೇಳಿದವನಿಗೆ, ವಾಸಸ್ಥಳದ ಪಾವಿತ್ರ್ಯವು ಅಲ್ಲಿಂದ ಯಾರನ್ನು ಹೊರಗಿಟ್ಟೆವೆಂಬುದರಿಂದ ನಿರ್ಣಯವಾಗತಕ್ಕದ್ದೇ ಎಂಬ ಪ್ರಶ್ನೆ ಏಳದಿರದು. ಬಾಡಿಗೆಮನೆಯ ಹೊಸಿಲಿನಲ್ಲಿ, ಮುಂಗಡದ ಮಾತಿಗೂ ಮೊದಲು, ಹೆಸರೇನು, ಮಾಂಸ ಬೇಯಿಸುವಿರಾ ಎಂದು ವಿಚಾರಿಸುವ ಯಜಮಾನನಲ್ಲಿ ದುಷ್ಟತನಕ್ಕಿಂತ ಮಡಿ ಕೆಟ್ಟೀತೆಂಬ ಭಯವೇ ಅಧಿಕವೆಂದು ನಾನು ನಂಬುತ್ತೇನೆ. ಆದರೆ ಭಯವು ಧರ್ಮವಲ್ಲ. ಪಾರಸಿಗಳ ಗೃಹನಿರ್ಮಾಣ ಸಹಕಾರ ಸಂಘವೊಂದು ತಮ್ಮವರಿಗಷ್ಟೇ ಸದಸ್ಯತ್ವವೆಂದು ವಿಧಿಸಿದ ನಿಯಮವನ್ನು 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಕಾನೂನು ಒಪ್ಪಿದುದೆಲ್ಲವನ್ನೂ ಅಂತಃಕರಣವು ಒಪ್ಪಬೇಕಾದುದಿಲ್ಲ. ಇದೇ ಬೆಂಗಳೂರಿನ ಕರಗವಾದರೋ, ದ್ರೌಪದಿಯ ಶಕ್ತಿಯೆಂದು ಕಠಿನ ವ್ರತದಿಂದ ಹೊರಲ್ಪಡುವಂಥದು, ಮಲ್ಲಿಗೆಯ ಅಲಂಕಾರದೊಡನೆಯೇ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಹೋಗಿಬರುತ್ತದೆ. 2022ರಲ್ಲಿ ಆ ಭೇಟಿ ಬೇಡವೆಂಬ ಒತ್ತಾಯ ಬಂದಾಗಲೂ ಉತ್ಸವದವರು ಸಂಪ್ರದಾಯವನ್ನು ಬಿಟ್ಟುಕೊಡಲಿಲ್ಲ.