ಮೈಕ್ ಹಿಡಿದು ಬಂದವರಿಗೆ ಹತ್ತು ನಿಮಿಷ

ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಮನೆಗಳಲ್ಲಿ ಕೆಲವು ವಾರ ಒಂದೇ ಮಾತು: ಮುಂದೇನು? ಮಗಳು ಎಂಜಿನಿಯರಿಂಗ್ ಎಂದರೆ ಯಾರೂ ತಿರುಗಿ ಕೇಳುವುದಿಲ್ಲ, ಬಿ.ಕಾಂ. ಎಂದರೂ ಸರಿ. ಪತ್ರಿಕೋದ್ಯಮ ಓದುತ್ತೇನೆ, ಸಿನಿಮಾ ಕಲಿಯುತ್ತೇನೆ ಎಂದಳೋ, ಅಜ್ಜಿಯಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರೂ ಕಾಫಿ ಲೋಟ ಕೆಳಗಿಡುತ್ತಾರೆ. 'ಅದನ್ನ ಕಾಲೇಜಿಗೆ ಹೋಗಿ ಕಲಿಯೋದೇನಿದೆ? ಬರೆಯೋಕೆ ಬಂದ್ರೆ ಬರೆಯೋದು, ಮೊಬೈಲ್ ಇದ್ರೆ ವಿಡಿಯೊ ತೆಗೆಯೋದು.' ಈ ಕ್ಷೇತ್ರದಲ್ಲಿ ಮೊದಲ ವರ್ಷಗಳ ಸಂಬಳ ಸಣ್ಣದು, ಕೆಲಸದ ಹೊತ್ತು ಉದ್ದ; ಹೀಗಾಗಿ ಹೆತ್ತವರ ಆತಂಕವೂ ನ್ಯಾಯವಾದದ್ದೇ.

ಆದರೆ ನಮ್ಮ ನಾಡಿಗೆ ಈ ಓದು ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲೇ ಪತ್ರಿಕೋದ್ಯಮದ ಪಾಠ ಶುರುವಾಗಿತ್ತು. ಅದನ್ನು ಕಟ್ಟಿ ಬೆಳೆಸಿದವರು ನಾಡಿಗ ಕೃಷ್ಣಮೂರ್ತಿ. ಅದಕ್ಕೂ ಮೊದಲೇ, 1946ರಲ್ಲಿ, ಮೈಸೂರಿನ ಹುಡುಗ ವಿ.ಕೆ. ಮೂರ್ತಿ ಬೆಂಗಳೂರಿನಲ್ಲಿ, ಈಗ ನಾವು ಎಸ್.ಜೆ. ಪಾಲಿಟೆಕ್ನಿಕ್ ಎನ್ನುವ ಸಂಸ್ಥೆಯಲ್ಲಿ, ಛಾಯಾಗ್ರಹಣದ ಡಿಪ್ಲೊಮಾ ಮುಗಿಸಿ ಮುಂಬೈ ದಾರಿ ಹಿಡಿದರು. ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರದಲ್ಲಿ ಕತ್ತಲ ಸ್ಟುಡಿಯೊದೊಳಕ್ಕೆ ಬಿಸಿಲಿನ ಕೋಲೊಂದು ಇಳಿಯುತ್ತದಲ್ಲ, ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ಹಾಯಿಸಿ ಅದನ್ನು ಚಿತ್ರಿಸಿದವರು ಅವರೇ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರು. ಗಿರೀಶ ಕಾಸರವಳ್ಳಿಯವರು ಬಿ.ಫಾರ್ಮಾ ಓದಿದ ಮೇಲೆ ಔಷಧದ ದಾರಿ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. 1977ರ 'ಘಟಶ್ರಾದ್ಧ'ಕ್ಕೆ ಸ್ವರ್ಣಕಮಲ ಬಂತು. ಪ್ರತಿಭೆಯನ್ನು ಯಾವ ಕಾಲೇಜೂ ಕೊಡಲಾರದು, ಒಪ್ಪೋಣ. ಅಭ್ಯಾಸವನ್ನಂತೂ ಕೊಡುತ್ತದೆ.

ಎಂಥ ಅಭ್ಯಾಸ? ಪತ್ರಿಕೋದ್ಯಮ ವಿಭಾಗಗಳಲ್ಲಿ ವಿದ್ಯಾರ್ಥಿಗಳೇ ಒಂದು ಪ್ರಾಯೋಗಿಕ ಪತ್ರಿಕೆ ತರುತ್ತಾರೆ. ಬಡಾವಣೆಯ ನೀರು, ಊರ ಜಾತ್ರೆ, ಬಸ್ ನಿಲ್ದಾಣದ ಶೌಚಾಲಯ, ಇಂಥವೇ ಸುದ್ದಿ. 'ನಾಲ್ಕು ದಿನಕ್ಕೊಮ್ಮೆ ನೀರು ಬರುತ್ತಿದೆ ಎಂದು ಸ್ಥಳೀಯರು ದೂರಿದ್ದಾರೆ' ಎಂದು ಹುಡುಗ ಬರೆದು ತಂದರೆ, ಮೇಷ್ಟ್ರು 'ಸ್ಥಳೀಯರು' ಎಂಬುದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾರೆ. ಯಾವ ಸ್ಥಳೀಯರು? ಹೆಸರೇನು? ಇನಿಷಿಯಲ್ ಕೇಳಿದೆಯಾ? ನೀರುಗಂಟಿಯನ್ನು ಮಾತಾಡಿಸಿದೆಯಾ? ಹುಡುಗ ಅದೇ ಬಿಸಿಲಲ್ಲಿ ಅದೇ ಬೀದಿಗೆ ಮತ್ತೆ ಹೋಗಬೇಕು. ಸಿನಿಮಾ ವಿಭಾಗದಲ್ಲಿ ಧ್ವನಿಮುದ್ರಣ ಕಲಿಯುವ ಹುಡುಗಿಯಾದರೆ, ಸಂದರ್ಶನ ಮುಗಿದ ಮೇಲೂ ಜಾಗ ಬಿಟ್ಟು ಏಳುವುದಿಲ್ಲ. 'ಅರ್ಧ ನಿಮಿಷ ಯಾರೂ ಮಾತಾಡಬೇಡಿ' ಎಂದು ಕೇಳಿಕೊಂಡು, ಹೆಡ್‌ಫೋನ್ ಒತ್ತಿ ಹಿಡಿದು, ಆ ಕೋಣೆಯ ಬರೀ ಸದ್ದನ್ನು ದಾಖಲಿಸುತ್ತಾಳೆ. ಗೋಡೆ ಗಡಿಯಾರದ ಟಿಕ್‌ಟಿಕ್, ಬೀದಿಯ ಮಂದ ಗದ್ದಲ; ನಡುವೆ ಕುಕ್ಕರ್ ಕೂಗಿತೋ, ಮತ್ತೆ ಮೊದಲಿನಿಂದ. ಎಡಿಟಿಂಗಿನಲ್ಲಿ ಮಾತುಗಳನ್ನು ಕತ್ತರಿಸಿ ಜೋಡಿಸುವಾಗ ಈ ಸದ್ದನ್ನು ಕೆಳಗೆ ಹಾಸದಿದ್ದರೆ ಕತ್ತರಿಸಿದ ಜಾಗ ಕಿವಿಗೆ ಗೊತ್ತಾಗಿಬಿಡುತ್ತದೆ. ಸುಮ್ಮನೆ ಕೂತು ಇನ್ನೊಬ್ಬರ ಮನೆಗೆ ಇಷ್ಟು ಅವಧಾನದಿಂದ ಕಿವಿಗೊಡುವ ಶಿಕ್ಷಣ ಬೇರೆ ಯಾವ ಕೋರ್ಸಿನಲ್ಲಿದೆಯೋ ನಾ ಕಾಣೆ.

ಇದರಲ್ಲಿ ನಮ್ಮದೂ ಒಂದು ಪಾತ್ರವಿದೆ. ರಸಾಯನಶಾಸ್ತ್ರದ ಮಕ್ಕಳಿಗೆ ಲ್ಯಾಬ್ ಇದೆ. ಈ ಮಕ್ಕಳು ಪ್ರಾಕ್ಟಿಕಲ್ಸ್‌ಗೆ ನಮ್ಮ ಬೀದಿಗೇ ಬರಬೇಕು. ಬಂದಾಗ ನಾವೇನು ಮಾಡುತ್ತೇವೆ? ಏನೋ ಮಾರಲು ಬಂದವರೆಂದು ತಿಳಿದು ಬಾಗಿಲ ಸಂದಿಯಿಂದಲೇ 'ಏನೂ ಬೇಡಮ್ಮ' ಎನ್ನುತ್ತೇವೆ. ಇಲ್ಲವೇ ಉತ್ಸಾಹ ಬಂದು, ಕಂಡದ್ದಕ್ಕೆ ಕೇಳಿದ್ದನ್ನೂ ಸೇರಿಸಿ ಹೇಳುತ್ತೇವೆ. ಸುದ್ದಿಯವರು ಎಲ್ಲವನ್ನೂ ಹಿಗ್ಗಿಸುತ್ತಾರೆ ಎಂದು ಸಂಜೆ ಟಿ.ವಿ. ಮುಂದೆ ಕೂತು ಬೈಯುವವರೂ ನಾವೇ. ನಾಲ್ಕು ದಿನಕ್ಕೊಮ್ಮೆ ಬರುವ ನೀರನ್ನು 'ಹದಿನೈದು ದಿನವಾಯ್ತು, ಒಂದು ಹನಿ ಇಲ್ಲ' ಎಂದು ಹೇಳಿ ಕಳಿಸಿದರೆ ಆ ಉತ್ಪ್ರೇಕ್ಷೆಯಲ್ಲಿ ಮೊದಲ ಪಾಲು ನಮ್ಮದು. ಇಪ್ಪತ್ತು ವರ್ಷದ ಹುಡುಗನಿಗೆ ನಿಜದ ಅಳತೆ ಸಿಗಬೇಕಾದದ್ದು ಮೊದಲು ನಮ್ಮ ಬಾಯಿಂದ.

ಮುಂದಿನ ಸಲ ನೋಟ್‌ಬುಕ್ಕೋ ಮೈಕೋ ಹಿಡಿದು ಯಾರಾದರೂ ಗೇಟಿನ ಬಳಿ ನಿಂತರೆ, ಯಾವ ಕಾಲೇಜು ಎಂದು ಕೇಳಿ ತಿಳಿದುಕೊಂಡು, ಕುಡಿಯಲು ನೀರು ಕೊಟ್ಟು, ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಗೊತ್ತಿದ್ದಷ್ಟು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಮಾತಾಡುವ ಮನಸ್ಸಿಲ್ಲದಿದ್ದರೆ ಮುಖ ಸಿಂಡರಿಸದೆ ಬೇಡ ಎನ್ನಿ. ಬೇಡ ಎಂದವರೆದುರು ಕ್ಯಾಮೆರಾ ಇಳಿಸುವುದೂ ಅವರು ಕಲಿಯಬೇಕಾದ ಪಾಠವೇ. ಮಾತಾಡಿದಿರಾದರೆ, ಅವರು ಹೊರಡುವ ಮೊದಲು ನಿಮ್ಮ ಹೆಸರನ್ನು ಹೇಗೆ ಬರೆದುಕೊಂಡಿದ್ದಾರೆಂದು ಒಮ್ಮೆ ನೋಡಿ, ತಪ್ಪಿದ್ದರೆ ತಿದ್ದಿಸಿ.