ಪಾಠ ಒಪ್ಪಿಸುವ ಅಭ್ಯಾಸ



ಹಿಫ್ಝ್ ತರಗತಿಯ ಹುಡುಗನೊಬ್ಬನ ದಿನಚರಿಯನ್ನು ಗಮನಿಸಿರಿ. ಮೊದಲು ಹೊಸ ಸಬಕನ್ನು ಉಸ್ತಾದರಿಗೆ ಒಪ್ಪಿಸುತ್ತಾನೆ. ಆಮೇಲೆ ಕಳೆದ ಕೆಲವು ದಿನಗಳ ಪಾಠ. ಅನಂತರ ಹಳೆಯ ಪಾರಗಳ ದೌರ್, ಅಂದರೆ ಪುನರಾವರ್ತನೆ. ಮುಸ್‌ಹಫ್ ಮುಚ್ಚಿರುತ್ತದೆ, ತಪ್ಪಿದಲ್ಲಿ ಉಸ್ತಾದರು ತಡೆಯುತ್ತಾರೆ. ಅದೇ ಹುಡುಗ ಸಂಜೆ ಶಾಲೆಯ ವಿಜ್ಞಾನ ಪುಸ್ತಕ ಹಿಡಿದರೆ ಮೂರು ಸಲ ಓದಿ, ಗೆರೆ ಎಳೆದು, ‘ಬಂತು’ ಎಂದು ಎದ್ದು ಹೋಗುತ್ತಾನೆ. ಯಾರಿಗೂ ಒಪ್ಪಿಸುವುದಿಲ್ಲ. ಪರೀಕ್ಷೆಯ ದಿನ ಕಣ್ಣಿಗೆ ಪರಿಚಯವಿದ್ದದ್ದು ಕೈಗೆ ಬರುವುದಿಲ್ಲ.

ಮರೆವು ಮನುಷ್ಯನ ಸ್ವಭಾವ. ಕಂಠಪಾಠವಾದ ಕುರ್‌ಆನನ್ನು ನಿರಂತರ ಕಾಪಾಡಿಕೊಳ್ಳದಿದ್ದರೆ ಅದು ಕಟ್ಟು ಬಿಚ್ಚಿದ ಒಂಟೆಗಿಂತಲೂ ಬೇಗ ತಪ್ಪಿಸಿಕೊಳ್ಳುವುದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಸ್ವತಃ ಅವರೇ ಪ್ರತಿ ರಮಝಾನಿನಲ್ಲಿ ಜಿಬ್ರೀಲರೊಂದಿಗೆ(ಅ) ದೌರ್ ಮಾಡುತ್ತಿದ್ದರು. ಕೊನೆಯ ವರ್ಷ ಎರಡು ಬಾರಿ ಮಾಡಿದರು. ಹೀಗಿರುವಾಗ ಹತ್ತನೇ ತರಗತಿಯ ನಮ್ಮ ಮಗುವಿಗೆ ಒಂದು ಓದು ಸಾಕಾದೀತೇ?

ಮದ್ರಸಾಗಳಲ್ಲಿ ಓದಿಸುವ ‘ತಅಲೀಮುಲ್ ಮುತಅಲ್ಲಿಮ್’ ಗ್ರಂಥದಲ್ಲಿ ಇಮಾಮ್ ಝರ್ನೂಜಿಯವರು ಸುಮಾರು 800 ವರ್ಷಗಳ ಹಿಂದೆಯೇ ಲೆಕ್ಕ ಕೊಟ್ಟಿದ್ದಾರೆ: ನಿನ್ನೆಯ ಪಾಠ 5 ಬಾರಿ, ಮೊನ್ನೆಯದು 4, ಅದರ ಹಿಂದಿನದು 3, ಹೀಗೆ ಇಳಿಯುತ್ತಾ 1. ಮೆಲುದನಿಯಲ್ಲಿ ಗುಣುಗುವುದನ್ನೂ ಅವರು ಒಪ್ಪುವುದಿಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ನಡೆಸಿದ ಪ್ರಯೋಗಗಳನ್ನು 1885ರಲ್ಲಿ ಪ್ರಕಟಿಸಿ, ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಅತಿ ವೇಗವಾಗಿ ಮರೆತುಹೋಗುವುದೆಂದು ತೋರಿಸಿದರು. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದು ಇನ್ನೂ ಸ್ವಾರಸ್ಯಕರ. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಕೇಳಿದಾಗ, ಪಾಠ ನೋಡದೆ ನೆನಪಿನಿಂದ ಬರೆದವರು ಮುಂದಾದರು. ನಮ್ಮ ಪರೀಕ್ಷೆ ಐದು ನಿಮಿಷದ ಬಳಿಕ ನಡೆಯುವುದಿಲ್ಲವಷ್ಟೆ!

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನಮ್ಮ ಮನೆಗಳಲ್ಲಿ, ‘ನಮಗೇ ಕನ್ನಡ ಓದಲು ಬಾರದು, ಮಕ್ಕಳಿಗೇನು ಹೇಳಿಕೊಡುವುದು?’ ಎಂಬ ಅಳಲಿದೆ. ಮನೆಯಲ್ಲಿ ಉರ್ದು, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ತಾಯಂದಿರೇ, ಹೇಳಿಕೊಡುವುದು ಬೇಡ, ಕೇಳಿಸಿಕೊಳ್ಳಿರಿ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಿಗೆ ಕೈ ಬಿಡುವಿಲ್ಲ, ಆದರೆ ಕಿವಿಗೆ ಬಿಡುವಿದೆ. ‘ದೇಹದಲ್ಲಿ ರಕ್ತ ಹೇಗೆ ಹರಿಯುತ್ತದೆ, ನನಗೆ ತಿಳಿಯುವಂತೆ ಹೇಳು ಬೇಟಿ’ ಎನ್ನಿರಿ. ಕನ್ನಡದಲ್ಲಿ ಓದಿದ್ದನ್ನು ಉರ್ದುವಿನಲ್ಲಿ ವಿವರಿಸಲು ಬಾಯಿಪಾಠ ಸಾಲದು, ಅರ್ಥವಾಗಿರಬೇಕು. ಅವಳು ತಡವರಿಸಿದ ಕಡೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಲಿ. ಆ ಭಾಗವನ್ನು ಮತ್ತೆ ಓದಿ, ಪುಸ್ತಕ ಮುಚ್ಚಿ ಕನ್ನಡದಲ್ಲಿ ಬರೆಯಲಿ. ಮರುದಿನ, ಮೂರನೆಯ ದಿನ, ವಾರದ ಬಳಿಕ ಪುನಃ ಒಪ್ಪಿಸಲಿ. ಗಣಿತವನ್ನು ಮಾತ್ರ ಒಪ್ಪಿಸಲಾಗದು. ಬಿಡಿಸಿದ ಲೆಕ್ಕವನ್ನು ಮುಚ್ಚಿಟ್ಟು ಮತ್ತೆ ಬಿಡಿಸಬೇಕು.

ಇದನ್ನು ಸಣ್ಣ ವಿಷಯವೆಂದು ಭಾವಿಸಬೇಡಿರಿ. ಹತ್ತನೇ ತರಗತಿಯಲ್ಲಿ ನಪಾಸಾದ ಎಷ್ಟೋ ಹೆಣ್ಣುಮಕ್ಕಳು ತಾಯಿಯ ಪಕ್ಕದಲ್ಲೇ ಬೀಡಿ ಎಲೆ ಕತ್ತರಿಸಲು ಕುಳಿತುಬಿಡುತ್ತಾರೆ. ಅವರ ಓದು ಅಲ್ಲಿಗೆ ಮುಗಿಯಿತು. 2023-24ರಿಂದ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಂದರಲ್ಲಿ ಉಳಿದ ವಿಷಯವನ್ನು ಎರಡನೆಯದರಲ್ಲಿ ಬರೆಯಿಸಿರಿ. ಮದುವೆಯ ಮಾತು ಕಾಯಲಿ.

2024 ಮತ್ತು 2025ರಲ್ಲಿ ಪರೀಕ್ಷೆಗಳು ರಮಝಾನಿನಲ್ಲೇ ಆರಂಭವಾದವು. ತರಾವೀಹ್ ಮುಗಿಸಿ ನಡುರಾತ್ರಿಯವರೆಗೆ ಓದಿ, ಸಹರಿಗೆ ಎದ್ದು, ನಿದ್ದೆಗಣ್ಣಲ್ಲಿ ಪರೀಕ್ಷೆಗೆ ಹೋಗುವುದು ಜಾಣತನವಲ್ಲ. ಅಂತಹ ರಾತ್ರಿಗಳಲ್ಲಿ ಬೇಗ ಮಲಗಿಸಿರಿ. ಸಹರಿ ಮುಗಿಸಿ, ಫಜ್ರ್ ನಮಾಝಿನ ನಂತರ ಒಂದು ಗಂಟೆ, ಗುರುತು ಹಾಕಿದ ಭಾಗಗಳನ್ನಷ್ಟೇ ಒಪ್ಪಿಸಿಕೊಳ್ಳಿರಿ. ಆ ದಿನ ಹೊಸ ಪಾಠ ತೆರೆಯಲು ಬಿಡಬೇಡಿರಿ.